ಕಿಂಡಿ ಅಕ್ಕ ಹೊಲಿದ ದೋಣಿ

ಮೂವತ್ತೊಂದು ವರ್ಷ ಆಕೆ ಜನರ ಮುಖ ನೋಡಿದ್ದು ಕಡಿಮೆ, ಕೈ ನೋಡಿದ್ದೇ ಹೆಚ್ಚು. ಲಾಂಚು ಹೊರಡುವ ಕಟ್ಟೆಯ ಮೇಲೆ ನಾಲ್ಕಡಿ ಅಗಲದ ಟಿಕೆಟ್ ಕೋಣೆ. ಅದರ ಗೋಡೆಯಲ್ಲಿ, ಹೊರಗೆ ನಿಂತವರ ಎದೆಮಟ್ಟಕ್ಕೆ ಒಂದು ಕಿಂಡಿ. ಒಳಗೆ ಸ್ಟೂಲಿನ ಮೇಲೆ ಕೂತವಳಿಗೆ ಅದರಲ್ಲಿ ಕಾಣುತ್ತಿದ್ದದ್ದು ಒಂದು ಕೈ, ಅಂಗಿಯ ಎರಡು ಗುಂಡಿ, ಹಿಂದೆ ಒಂದು ಚೂರು ನೀರು. ಉಗುರಿನ ಸಂದಿಯಲ್ಲಿ ಬಣ್ಣ ಉಳಿದ ಕೈ, ಸೀಮೆಸುಣ್ಣದ ಕೈ, ಹೆಬ್ಬೆರಳಿಲ್ಲದ ಕೈ, ಟಿಕೆಟ್ ತೆಗೆದುಕೊಳ್ಳುವಾಗ ಪ್ರತಿ ಸಲವೂ ತುಸು ನಡುಗುತ್ತಿದ್ದ ಒಂದು ಮುದಿಗೈ. ಬೀದಿಯಲ್ಲಿ ಎದುರಾದವರನ್ನು ಆಕೆ ಗುರುತಿಸುತ್ತಿರಲಿಲ್ಲ. ಅವರು ಚೀಲ ಎತ್ತಲು ಕೈ ಚಾಚಿದಾಗ ಮಾತ್ರ, ಓ ನೀವಾ, ಎನ್ನುತ್ತಿದ್ದಳು. ಹಾಗಾಗಿ ಊರಿನವರ ಬಾಯಲ್ಲಿ ಆಕೆ ಕಿಂಡಿ ಅಕ್ಕ.

ಊರಿನ ಮಗ್ಗುಲಲ್ಲಿದ್ದ ಸರೋವರ ದೊಡ್ಡದು. ಅದಕ್ಕೊಂದು ಹೆಸರಿದ್ದರೂ ಊರಿನವರು ಸುಮ್ಮನೆ 'ನೀರು' ಎನ್ನುತ್ತಿದ್ದರು. ದಿನಕ್ಕೆ ಒಂಬತ್ತು ಸಲ ಲಾಂಚು ಆಚೆ ದಡಕ್ಕೆ ಹೋಗಿ ಬರುತ್ತಿತ್ತು. ಅದರ ಡೀಸೆಲ್ ಎಂಜಿನ್ನಿಗೆ ಒಂದು ಹಟ, ಒಮ್ಮೆ ನಿಲ್ಲಿಸಿದರೆ ಮತ್ತೆ ಹೊತ್ತಿಕೊಳ್ಳಲು ಗೋಗರೆಯಬೇಕು. ಆದ್ದರಿಂದ ಕಟ್ಟೆಯಲ್ಲಿ ನಿಂತಿದ್ದಾಗಲೂ ಅದು ಕಿಂಡಿಯ ಪಕ್ಕದಲ್ಲೇ ಡುಗುಡುಗು ಎನ್ನುತ್ತಿತ್ತು. ಆ ಸದ್ದು ಸ್ಟೂಲಿನ ಕಾಲುಗಳನ್ನು ಹತ್ತಿ ಬೆನ್ನಿಗೆ ಬಂದು, ಬೆನ್ನಿನಿಂದ ಹಲ್ಲಿಗೆ ಏರುತ್ತಿತ್ತು. ಮನೆಗೆ ಬಂದ ಮೇಲೂ ಅಕ್ಕ ಗಟ್ಟಿಯಾಗಿ ಮಾತನಾಡುತ್ತಿದ್ದದ್ದು ಜಗಳಕ್ಕಲ್ಲ, ಅಭ್ಯಾಸಕ್ಕೆ.

ಮನೆಯಲ್ಲಿ ಮೂವರು. ಅಕ್ಕ, ಆರು ವರ್ಷ ಚಿಕ್ಕವನಾದ ತಮ್ಮ, ತಮ್ಮನ ಹೆಂಡತಿ. ತಾಯಿ ತೀರಿಕೊಂಡಾಗ ತಮ್ಮನಿಗೆ ಹತ್ತು ವರ್ಷ. ಅವನ ತಲೆ ಬಾಚಿ ಶಾಲೆಗೆ ಕಳಿಸಿದವಳು ಅಕ್ಕನೇ. ಅವನು ದೊಡ್ಡವನಾಗಿ ಮನೆಯ ಮುಂದಿನ ಕೋಣೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟ. ಸುಟ್ಟುಹೋದ ಪಂಪು, ಫ್ಯಾನು, ಹಿಟ್ಟಿನ ಗಿರಣಿಯ ಮೋಟಾರು, ಎಲ್ಲದರ ಹಳೆ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವುದು ಅವನ ಕಸುಬು. ಸುತ್ತು ಒಂದು ಹೆಚ್ಚಾದರೂ ಕಷ್ಟ, ಒಂದು ಕಡಿಮೆಯಾದರೂ ಕಷ್ಟ. ಆದ್ದರಿಂದ ಅವನು ಹಗಲೆಲ್ಲ ಮನಸ್ಸಿನಲ್ಲೇ ಎಣಿಸುತ್ತಿದ್ದ. ಯಾರು ಮಾತಾಡಿಸಿದರೂ ಎಡಗೈ ಎತ್ತಿ 'ಎಣಿಸ್ತಾ ಇದೀನಿ' ಎನ್ನುತ್ತಿದ್ದ. ಮದುವೆಯಾದ ಹೊಸತರಲ್ಲಿ ತಾನು ಏನು ಕೇಳಿದರೂ ಇವರು 'ನೂರಾ ಹದಿನೇಳು' ಅಂತ ಉತ್ತರ ಕೊಡುತ್ತಿದ್ದರೆಂದು ಅವನ ಹೆಂಡತಿ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದಳು. ಅವಳದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ದಿನವಿಡೀ ದೊಡ್ಡ ದೊಡ್ಡ ಯಂತ್ರಗಳ ನಡುವೆ ಸಾವಿರಾರು ಲೀಟರು ನೀರು ನೋಡುತ್ತಿದ್ದವಳಿಗೆ ಸರೋವರದ ನೀರೆಂದರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು.

ಅಕ್ಕ ಕೆಲಸಕ್ಕೆ ಸೇರಿದ ಹನ್ನೊಂದನೆಯ ವರ್ಷ ಲಾಂಚಿನ ಸ್ಟಾರ್ಟರ್ ಮೋಟಾರು ಸುಟ್ಟಿತು. ಅದನ್ನು ತಮ್ಮನ ಅಂಗಡಿಗೇ ತಂದರು. ಒಂದು ದಿನದ ಕೆಲಸ ಎಂದ, ಮೂರು ದಿನ ಹಿಡಿಯಿತು. ಆ ಮೂರೂ ದಿನ ಕಟ್ಟೆಗೆ ಬಂದವರಿಗೆಲ್ಲ 'ಇವತ್ತಿಲ್ಲ' ಎಂದು ಹೇಳುವುದಷ್ಟೇ ಅಕ್ಕನ ಕೆಲಸ. ಬಂದವರು ಆಕೆಯನ್ನೇ ಬೈದು ಹೋಗುತ್ತಿದ್ದರು. ಜನ ಕರಗಿದ ಮೇಲೆ ಆಕೆ ಕೋಣೆಯಿಂದ ಹೊರಬಂದು ಕಟ್ಟೆಯ ಕೊನೆಯ ಮೆಟ್ಟಿಲ ಮೇಲೆ, ನೀರಿಗೆ ಕಾಲು ಬಿಟ್ಟು ಕೂತಳು.

ಹನ್ನೊಂದು ವರ್ಷ ಪಕ್ಕದಲ್ಲೇ ಇದ್ದರೂ ಆಕೆ ನೀರಿನ ಸದ್ದು ಕೇಳಿದ್ದು ಅಂದೇ ಮೊದಲು. ಅದು ಒಂದು ಸದ್ದಲ್ಲ. ಮೆಟ್ಟಿಲ ಕೆಳಗಿನ ಪೊಟರೆಯಲ್ಲಿ ಗುಳಕ್ಕೆನ್ನುವುದು ಒಂದು, ಕಂಬಕ್ಕೆ ತಾಗಿ ಸವರಿಕೊಂಡು ಹೋಗುವುದು ಇನ್ನೊಂದು. ದೂರದ ಜೊಂಡಿನಲ್ಲಿ ಯಾರೋ ಕಾಗದ ಮಡಚಿದಂತೆ. ಹಕ್ಕಿಯೊಂದು ತಲೆಯ ಮೇಲೆ ಹಾದರೆ ಅದರ ರೆಕ್ಕೆಯ ಗಾಳಿ ಕೇಳುತ್ತಿತ್ತು. ಆಚೆ ದಡದಲ್ಲಿ ಯಾರೋ ಕೆಮ್ಮಿದ್ದು ಮಗ್ಗುಲಲ್ಲಿ ಕೆಮ್ಮಿದಂತೆ ಬಂತು. ಮೂರನೆಯ ದಿನ ಮಧ್ಯಾಹ್ನ ಒಂದು ಮರದ ದಿಮ್ಮಿ ತನ್ನ ಪಾಡಿಗೆ ತಾನು ತೇಲಿಕೊಂಡು ದಡದ ಉದ್ದಕ್ಕೂ ಹೋಯಿತು. ಆಚೆಗೆ ಹೋಗಲಿಲ್ಲ, ಈಚೆಗೆ ಬರಲಿಲ್ಲ, ಉದ್ದಕ್ಕೆ ಹೋಯಿತು. ಅಕ್ಕ ಅದು ಕಣ್ಮರೆಯಾಗುವವರೆಗೂ ನೋಡುತ್ತ ಕೂತಿದ್ದಳು. ಹನ್ನೊಂದು ವರ್ಷ ತಾನು ಜನರನ್ನು ಅಡ್ಡಕ್ಕೇ ಕಳಿಸುತ್ತಿದ್ದೇನಲ್ಲ, ಯಾರೊಬ್ಬರೂ ಉದ್ದಕ್ಕೆ ಟಿಕೆಟ್ ಕೇಳಲಿಲ್ಲವಲ್ಲ ಅಂತ ಆಕೆಗೆ ಅನಿಸಿತು.

ನಾಲ್ಕನೆಯ ದಿನ ಎಂಜಿನ್ ಮತ್ತೆ ಶುರುವಾಯಿತು. ಇಪ್ಪತ್ತು ವರ್ಷ ಹೋಯಿತು.

ನಿವೃತ್ತಿಯ ದಿನ ಕಚೇರಿಯವರು ಆಕೆಗೆ ಒಂದು ಗೋಡೆ ಗಡಿಯಾರ ಕೊಟ್ಟರು. ಹೊತ್ತು ನೋಡಿ ನೋಡಿ ಸಾಕಾದವಳಿಗೆ ಗಡಿಯಾರವೇ ಬೇಕಿತ್ತೇ ಎಂದು ತಮ್ಮನ ಹೆಂಡತಿ ಅದನ್ನು ಸ್ನಾನದ ಮನೆಯ ಹೊರಗೆ ನೇತುಹಾಕಿದಳು. ಅದಾಗಿ ಒಂದು ವಾರಕ್ಕೆ, ಮೂವರೂ ಊಟಕ್ಕೆ ಕೂತಿದ್ದಾಗ ಅಕ್ಕ ಎಂದಳು, "ನಂಗೊಂದು ದೋಣಿ ಬೇಕು."

ತಮ್ಮ ಲೋಟ ಕೆಳಗಿಟ್ಟ. "ಎಲ್ಲಿಗೆ ಹೋಗೋಕೆ?"

"ಎಲ್ಲಿಗೂ ಇಲ್ಲ. ಸುಮ್ಮನೆ ಅದರಲ್ಲಿ ಇರೋಕೆ. ಆದ್ರೆ ಸದ್ದಿರಬಾರದು."

ಹುಟ್ಟು ಹಾಕುವ ದೋಣಿ ಸಾಲದೇ ಎಂದು ತಮ್ಮ ಕೇಳಿದ. ಸಾಲದು. ಮೂವತ್ತೊಂದು ವರ್ಷ ಟಿಕೆಟ್ ಹರಿದು ಹರಿದು ಅಕ್ಕನ ಬಲಭುಜ ಬಾಗಿಲ ತುಕ್ಕು ಹಿಡಿದ ತಿರುಗಣಿಯಂತಾಗಿತ್ತು, ತಲೆಗೂದಲು ಕಟ್ಟಲೂ ಬಗ್ಗುತ್ತಿರಲಿಲ್ಲ. ಹಾಗಾದರೆ ಬ್ಯಾಟರಿ, ಎಂದ ತಮ್ಮ. ಅವನ ಹೆಂಡತಿ ಇಬ್ಬರ ಮುಖವನ್ನೂ ನೋಡಿ, "ಎರಡು ದೋಣಿ ಮೇಲೆ ಕಾಲಿಡಬಾರದು ಅಂತಾರೆ. ನಾನಂತೂ ಒಂದರ ಮೇಲೂ ಇಡಲ್ಲ, ಈಗಲೇ ಹೇಳಿದೀನಿ" ಎಂದು ತಟ್ಟೆ ಎತ್ತಿಕೊಂಡು ಎದ್ದಳು.

ಮುಂದಿನ ಭಾನುವಾರ ಅಕ್ಕ-ತಮ್ಮ ಬಸ್ಸು ಹತ್ತಿ ದೋಣಿ ಮಾರುವ ಅಂಗಡಿಗೆ ಹೋದರು. ಟ್ಯೂಬ್ ಲೈಟಿನ ಕೆಳಗೆ ದೋಣಿಗಳು ನೀರಿಂದ ಎತ್ತಿಟ್ಟ ಮೀನುಗಳಂತೆ ಹೊಳೆಯುತ್ತ ಸಾಲಾಗಿ ಮಲಗಿದ್ದವು. ಎಷ್ಟು ಜನ ಕೂರಬೇಕು, ಎಷ್ಟು ವೇಗ ಬೇಕು, ಎಲ್ಲಿಂದ ಎಲ್ಲಿಗೆ ಹೋಗುತ್ತೀರಿ ಎಂದು ಮಾರುವವ ಕೇಳಿದ. ಮೂರಕ್ಕೂ ಅಕ್ಕ ಕೊಟ್ಟ ಉತ್ತರ ಅವನ ಕಾಗದದ ಯಾವ ಚೌಕದಲ್ಲೂ ಹಿಡಿಸಲಿಲ್ಲ. ಆಕೆ ಚಪ್ಪಲಿ ಬಿಟ್ಟು ಒಂದು ದೋಣಿಯೊಳಗೆ ಹತ್ತಿ, ಕಣ್ಣು ಮುಚ್ಚಿ, ಬಲಗೈಯನ್ನು ಅಂಚಿನ ಹೊರಗೆ ಇಳಿಬಿಟ್ಟು ಕೂತಳು. ಬಹಳ ಹೊತ್ತು ಕೂತಳು. ಮಾರುವವ ಗಾಬರಿಯಾಗಿ ಚಹಾ ತರಿಸಿದ. ಕಡೆಗೆ ಆಕೆ ಕಣ್ಣು ತೆರೆದು, ಇದು ಎತ್ತರ, ಕೂತಲ್ಲಿಂದ ನೀರು ಕೈಗೆ ಸಿಗುವುದಿಲ್ಲ ಎಂದಳು. ಅಷ್ಟರಲ್ಲಿ ತಮ್ಮ ಒಂದು ವಿದ್ಯುತ್ ಮೋಟಾರಿನ ಮುಚ್ಚಳ ಬಿಚ್ಚಿಸಿ ನೋಡಿದ್ದ. ಚೆನ್ನಾಗಿದೆ, ಆದರೆ ಇದರಲ್ಲಿ ನನ್ನ ಕೈಗೆ ಕೆಲಸವೇ ಇಲ್ಲ, ಎಂದ. ಚಹಾ ಕುಡಿದು, ಮಾರುವವನಿಗೆ ಉಪಕಾರವಾಯಿತು ಎಂದು ಹೇಳಿ ಇಬ್ಬರೂ ಬಂದ ಬಸ್ಸಿನಲ್ಲೇ ಹಿಂದಿರುಗಿದರು.

ಮಾರನೆಯ ದಿನ ತಮ್ಮ ಅಂಗಡಿಯ ಸಾಮಾನೆಲ್ಲ ಗೋಡೆಗೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಹದಿನಾಲ್ಕು ಅಡಿಯ ದೋಣಿ ಬರೆದ. ಅಕ್ಕ ಗೆರೆಯೊಳಗೆ ಕೂತಳು, ಕಾಲು ಚಾಚಿದಳು, ಮಲಗಿ ನೋಡಿದಳು. ಇಲ್ಲಿ ಸ್ವಲ್ಪ ಅಗಲ ಬೇಕು, ಇಬ್ಬರು ಮಗ್ಗುಲಾಗಿ ಕೂರಬೇಕು, ಅಂಚು ಮೊಣಕೈಗಿಂತ ಮೇಲೆ ಬೇಡ ಎಂದಳು. ತಳ ಚಪ್ಪಟೆಯಾಗಿರಲಿ ಎಂದ ತಮ್ಮ. ವೇಗ ಬರುವುದಿಲ್ಲ, ಆದರೆ ಎದ್ದು ನಿಂತರೂ ಹೊರಳುವುದಿಲ್ಲ. ತಮ್ಮನ ಹೆಂಡತಿ ಅಡುಗೆಮನೆಗೆ ಹೋಗಿ ಬರುವಾಗ ಸೀಮೆಸುಣ್ಣದ ಗೆರೆಯನ್ನು ತುಳಿಯದೆ ಸುತ್ತು ಹಾಕಿಕೊಂಡು ಹೋಗುತ್ತಿದ್ದಳು. ಒಣ ನೆಲದ ಮೇಲೇ ತನಗೆ ತಲೆ ತಿರುಗುತ್ತದೆ ಎಂಬುದು ಅವಳ ದೂರು.

ಕಟ್ಟುವ ವಿಧಾನವನ್ನು ತಮ್ಮ ಎಂದೋ ಕೇಳಿ ತಿಳಿದಿದ್ದ. ದೋಣಿ ಕಟ್ಟುವವನೊಬ್ಬ ಪಂಪು ರಿಪೇರಿಗೆ ತಂದಾಗ ಮಾತಿಗೆ ಮಾತು ಬಂದು ಹೇಳಿದ್ದನಂತೆ. ನೀರು ತಡೆಯುವ ತೆಳು ಪ್ಲೈವುಡ್ಡನ್ನು ಅಳತೆಗೆ ಕತ್ತರಿಸಿ, ಅಂಚಿನುದ್ದಕ್ಕೂ ಸಣ್ಣ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿಯುವುದು. ಆಮೇಲೆ ಸಂದಿಗೆ ಅಂಟು ತುಂಬಿ, ಮೇಲೆ ಗಾಜಿನ ನಾರಿನ ಬಟ್ಟೆ ಹಚ್ಚುವುದು. ತಾಮ್ರದ ತಂತಿಗೆ ಆ ಮನೆಯಲ್ಲಿ ಬರವಿರಲಿಲ್ಲ. ಅದೇ ಬೀದಿಯಲ್ಲಿ ಬಾಗಿಲು-ಕಿಟಕಿ ಮಾಡುತ್ತಿದ್ದ ಬಡಗಿ ಅಜ್ಜ ಹಲಗೆ ಕತ್ತರಿಸಿಕೊಡಲು ಬಂದವನು ಇದನ್ನು ಕೇಳಿ ಮೂಗಿನ ಮೇಲೆ ಬೆರಳಿಟ್ಟ.

"ಮರಾನ ಹೊಲೀತೀರಾ?"

"ಹೂಂ ಅಜ್ಜ."

"ನಲವತ್ತು ವರ್ಷ ಮೊಳೆ ಹೊಡೆದೆ ನಾನು. ಸೂಜಿ ಹಿಡಿಯೋಕೆ ಯಾರೂ ಹೇಳಿಕೊಡಲಿಲ್ಲ ನೋಡು" ಎಂದು ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕೂತ. ಅಂದಿನಿಂದ ದಿನಾ ಸಂಜೆ ಬಂದು ಕೂರುತ್ತಿದ್ದ.

ಹೊಲಿದವಳು ಅಕ್ಕ. ನಾಲ್ಕು ನಾಲ್ಕು ಬೆರಳಿಗೊಂದು ತೂತು, ತೂತಿಗೊಂದು ತಂತಿ, ತಂತಿಗೊಂದು ತಿರುವು. ಭುಜ ನೋಯದಂತೆ ಎಡಗೈಯಲ್ಲಿ ಇಕ್ಕಳ ಹಿಡಿಯುವುದನ್ನು ಕಲಿತಳು. ಹೊಲಿಗೆ ಮುಗಿಯಲು ಹನ್ನೆರಡು ಸಂಜೆ ಬೇಕಾಯಿತು. ಕೊನೆಯ ಸಂಜೆ ತಮ್ಮ ಮತ್ತು ಅಜ್ಜ ಎರಡು ಬದಿಯ ಹಲಗೆಗಳನ್ನು ನಿಧಾನವಾಗಿ ಎತ್ತಿ ಹಿಡಿದರು, ಅಕ್ಕ ಮುಂತುದಿಯಿಂದ ತಂತಿಗಳನ್ನು ಬಿಗಿಯುತ್ತ ಬಂದಳು. ನೆಲದ ಮೇಲೆ ಚಪ್ಪಟೆಯಾಗಿ ಬಿದ್ದಿದ್ದ ಹಲಗೆಗಳು ಬಾಗಿದವು, ಒಂದನ್ನೊಂದು ಮುಟ್ಟಿದವು, ನಿದ್ದೆಯಲ್ಲಿದ್ದ ಯಾವುದೋ ಪ್ರಾಣಿ ಬೆನ್ನು ಹುರಿಗೊಳಿಸಿ ಎದ್ದಂತೆ ದೋಣಿಯ ಆಕಾರ ಮೇಲೆದ್ದಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ತಮ್ಮನ ಹೆಂಡತಿ ಕೈಯಲ್ಲಿದ್ದ ಸೌಟನ್ನು ಮರೆತಿದ್ದಳು. ಕಿಟಕಿಯಿಂದ ಬಂದ ಸಂಜೆಬಿಸಿಲಲ್ಲಿ ಸಾಲು ಸಾಲು ತಾಮ್ರದ ಗಂಟುಗಳು ಕೆಂಪಗೆ ಮಿನುಗುತ್ತಿದ್ದವು. ಅಂಟು ಗಟ್ಟಿಯಾದ ಮೇಲೆ ಆ ಗಂಟುಗಳನ್ನು ಕತ್ತರಿಸಿ ತೆಗೆಯಬೇಕಲ್ಲ ಎಂದು ಅಕ್ಕನಿಗೆ ಒಂದು ಗಳಿಗೆ ಸಂಕಟವೇ ಆಯಿತು.

ಮೋಟಾರು ಒದಗಿಸಿದವಳು, ಯಾರೂ ಎಣಿಸದ ರೀತಿಯಲ್ಲಿ, ತಮ್ಮನ ಹೆಂಡತಿ. ಆಸ್ಪತ್ರೆಯಲ್ಲಿ ಕೊಳೆಬಟ್ಟೆಯ ಗಂಟು ಎಳೆಯುತ್ತಿದ್ದ ಬ್ಯಾಟರಿ ಗಾಡಿಯೊಂದು ಮೂಲೆ ಸೇರಿತ್ತು. ಹಳೆ ಸಾಮಾನು ವಿಲೇವಾರಿ ಮಾಡುವಾಗ ಅವಳು ಅದರ ಮೋಟಾರನ್ನು ಕೇಳಿ ಪಡೆದು, ಹಳೆ ಹಾಸುಬಟ್ಟೆಯಲ್ಲಿ ಮಗುವಿನಂತೆ ಸುತ್ತಿ ತಂದಳು. ತಮ್ಮ ಅದನ್ನು ಬಿಚ್ಚಿ, ತೊಳೆದು, ಹೊಸ ತಂತಿ ಸುತ್ತಲು ಕೂತ. ನಾಲ್ಕು ದಿನ ಮನೆಯಲ್ಲಿ ಅವನ ಎತ್ತಿದ ಎಡಗೈಯೇ ಮಾತು. ನೀರು ತಳ್ಳುವ ರೆಕ್ಕೆಗೆ ಮೊದಲು ಸೀಲಿಂಗ್ ಫ್ಯಾನಿನ ಎಲೆಗಳನ್ನೇ ಕತ್ತರಿಸಿ ಕೂರಿಸಿ, ಹಿತ್ತಲ ತೊಟ್ಟಿಯಲ್ಲಿ ತಿರುಗಿಸಿ ನೋಡಿದ. ತೊಟ್ಟಿಯ ಅರ್ಧ ನೀರು ಒಣಗಲು ಹಾಕಿದ್ದ ಬಟ್ಟೆಗಳ ಮೇಲೆ ಬಿತ್ತು. ಅಂದು ಹೆಂಡತಿ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಕಡೆಗೆ ಎರಕದವನ ಹತ್ತಿರ ಅಂಗೈ ಅಗಲದ ಕಂಚಿನ ರೆಕ್ಕೆ ಮಾಡಿಸಿದ.

ದೋಣಿ ನೀರಿಗಿಳಿದ ದಿನ ಅದು ನೇರ ಹೋಗಲೇ ಇಲ್ಲ. ಎರಡು ಭಾರದ ಬ್ಯಾಟರಿಗಳನ್ನೂ ತಮ್ಮ ಎಡಬದಿಗೇ ಇಟ್ಟಿದ್ದ, ದೋಣಿ ಆ ಬದಿಗೆ ವಾಲಿಕೊಂಡು ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಸುತ್ತ ಸುತ್ತ ತಿರುಗಿತು. ಲಾಂಚಿನ ಡ್ರೈವರ್ ಕಟಕಟೆಗೆ ಒರಗಿ ನೋಡುತ್ತಿದ್ದ. ಟಿಕೆಟ್ ಕೊಟ್ಟವಳು ಸುಮ್ಮನೆ ಸುತ್ತುತ್ತಾ ಇದ್ದಾಳೆ, ದಾರಿ ತೋರಿಸಿ ಯಾರಾದರೂ, ಎಂದು ನಗಿಸಿದ. ಬ್ಯಾಟರಿಗಳನ್ನು ನಡುವಿನ ಹಲಗೆಯ ಕೆಳಗೆ ಸರಿಸಿದ ಮೇಲೆ ದೋಣಿ ಬುದ್ಧಿ ಕಲಿಯಿತು. ನಡೆದಷ್ಟೇ ವೇಗ. ಇನ್ನೂ ಜೋರು ಹೋಗುತ್ತದೆಯೇ ಎಂದು ಬಡಗಿ ಅಜ್ಜ ಕೇಳಿದ್ದಕ್ಕೆ ತಮ್ಮ ವಿವರಿಸಿದ: ಎರಡರಷ್ಟು ಜೋರು ಬೇಕೆಂದರೆ ಎರಡರಷ್ಟಲ್ಲ, ಎಂಟರಷ್ಟು ಕರೆಂಟು ಬೇಕು. ಮೆಲ್ಲಗೆ ಹೋದರೆ ಅರ್ಧ ದಿನ ಹೋಗಬಹುದು, ಓಡಿದರೆ ಅರ್ಧ ಗಂಟೆಗೆ ದಣಿಯುತ್ತದೆ. ನೀರು ಅವಸರದವರ ಹತ್ತಿರ ಬಡ್ಡಿ ಸಮೇತ ವಸೂಲಿ ಮಾಡುತ್ತದೆ ಎಂದು ಅಜ್ಜ ತಲೆದೂಗಿದ.

ಅಲ್ಲಿಂದ ಮುಂದೆ ಅಕ್ಕ-ತಮ್ಮ ವಾರಕ್ಕೆ ಎರಡು ಸಲವಾದರೂ ಹೊರಡುತ್ತಿದ್ದರು. ಅಡ್ಡಕ್ಕಲ್ಲ, ಉದ್ದಕ್ಕೆ. ನೀರಿನ ಕಡೆಯಿಂದ ನೋಡಿದರೆ ಊರು ಬೇರೆಯೇ. ಮುಂಬಾಗಿಲುಗಳಿಗೆ ಬಣ್ಣ ಬಳಿದುಕೊಂಡಿದ್ದ ಮನೆಗಳೆಲ್ಲ ಇಲ್ಲಿ ಬೆನ್ನು ತೋರಿಸಿ ಕೂತಿದ್ದವು. ಒಣಗುವ ಅಂಗಿಗಳು, ಒಡೆದ ಕುರ್ಚಿ, ಹಿತ್ತಲ ಮೆಟ್ಟಿಲ ಮೇಲೆ ಕೂದಲು ಒಣಗಿಸಿಕೊಳ್ಳುವ ಹೆಂಗಸು, ಶಾಲೆಯ ಹಿಂಗೋಡೆಯಾಚೆಯಿಂದ ಒಕ್ಕೊರಲಲ್ಲಿ ಬರುವ ಮಗ್ಗಿ. ಆಸ್ಪತ್ರೆಯ ಮಾಳಿಗೆ ಎದುರಾದಾಗ ಅಲ್ಲಿ ಒಬ್ಬಾಕೆ ಬಿಳಿ ಹಾಸುಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಬೀಸುತ್ತಿದ್ದಳು. ಸಂಜೆ ಕೇಳಿದರೆ ತಮ್ಮನ ಹೆಂಡತಿ, ನಾನೇನೂ ಬೀಸಲಿಲ್ಲ, ಬಟ್ಟೆ ಕೊಡವುತ್ತಿದ್ದೆ, ಎಂದಳು. ಪ್ರತಿ ಸಲವೂ ಸರಿಯಾಗಿ ಅದೇ ಹೊತ್ತಿಗೆ ಕೊಡವುತ್ತಿದ್ದಳು.

ಅಕ್ಕ ಮುಂದೆ ಕೂತು ಒಂದು ಕೈ ನೀರಲ್ಲಿ ಬಿಟ್ಟಿರುತ್ತಿದ್ದಳು. ಮೋಟಾರಿನ ಸದ್ದು ಎಂದರೆ ಬೆಕ್ಕು ಪಕ್ಕದ ಕೋಣೆಯಲ್ಲಿ ಗುರುಗುಟ್ಟಿದಷ್ಟು. ನೀರು ತಳದ ಹಲಗೆಯ ಕೆಳಗೆ ತೆಳ್ಳಗೆ ಮಾತಾಡುತ್ತಿತ್ತು. ಒಮ್ಮೊಮ್ಮೆ ಆಕೆಗೆ ತಾನು ಹೋಗುತ್ತಿದ್ದೇನೋ ದಡ ಹೋಗುತ್ತಿದೆಯೋ ತಿಳಿಯುತ್ತಿರಲಿಲ್ಲ.

ಎರಡನೆಯ ತಿಂಗಳಲ್ಲಿ ಒಂದು ದಿನ ಅವರು ಬಹಳ ದೂರ, ನೈದಿಲೆಗಳು ತುಂಬಿದ ಒಂದು ಕೊಲ್ಲಿಯ ತನಕ ಹೋದರು. ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಉಳಿದಿದೆ ಎಂದು ತೋರಿಸುವ ಮುಳ್ಳು ಅರ್ಧಕ್ಕೆ ನಿಂತಿತ್ತು. ಗಂಟೆ ಕಳೆದರೂ ಅರ್ಧಕ್ಕೇ ನಿಂತಿತ್ತು. ಮುಳ್ಳೇ ಸಿಕ್ಕಿಹಾಕಿಕೊಂಡಿದೆ ಎಂಬುದು ತಮ್ಮನಿಗೆ ಹೊಳೆದದ್ದು, ಹಿಂದಿರುಗುವ ದಾರಿಯಲ್ಲಿ ನೀರಿನ ನಟ್ಟನಡುವೆ ಮೋಟಾರು ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾದಾಗ. ಆಪತ್ತಿಗೆಂದು ಮಾಡಿಸಿದ್ದ ಹುಟ್ಟುಗಳು ಮನೆಯಲ್ಲಿದ್ದವು, ಬಡಗಿ ಅಜ್ಜ ವಾರ್ನಿಷ್ ಬಳಿದು ಒಣಗಲು ನಿಲ್ಲಿಸಿದ್ದ.

"ನಡುನೀರಲ್ಲಿ ಕೈಬಿಡೋದು ಅಂದ್ರೆ ಇದೇ ಕಣೋ" ಎಂದಳು ಅಕ್ಕ. ಆಕೆಗೆ ಭಯವೇನೂ ಆಗಿರಲಿಲ್ಲ.

ನಡುಹಗಲು. ಗಾಳಿಯಿಲ್ಲ. ಬಿಸಿಲಿಗೆ ಎದ್ದ ತೆಳು ಮಂಜಿನಂಥ ಹಬೆಯಲ್ಲಿ ದಡಗಳು ಅಳಿಸಿಹೋಗಿ, ನೀರು ಮತ್ತು ಆಕಾಶ ಒಂದೇ ಬಣ್ಣಕ್ಕೆ ತಿರುಗಿದ್ದವು. ದೋಣಿ ಎರಡರ ನಡುವೆ ತೂಗಿಬಿಟ್ಟಂತಿತ್ತು. ತಮ್ಮ ಸ್ವಲ್ಪ ಹೊತ್ತು ತಂತಿಗಳನ್ನು ಬಿಚ್ಚಿ ಕಟ್ಟಿ ಮಾಡಿದ. ಆಮೇಲೆ ಕೈ ಒರೆಸಿಕೊಂಡು ಸುಮ್ಮನೆ ಕೂತ. ರಿಪೇರಿ ಮಾಡಲು ಏನೂ ಇರಲಿಲ್ಲ. ಎಣಿಸಲೂ ಏನೂ ಇರಲಿಲ್ಲ. ಅಕ್ಕನೆದುರು ಅವನು ಹಾಗೆ ಖಾಲಿ ಕೈಯಲ್ಲಿ ಕೂತು ಎಷ್ಟು ವರ್ಷವಾಗಿತ್ತೋ.

"ಅಕ್ಕ, ಲಾಂಚು ಮೂರು ದಿನ ನಿಂತಿತ್ತಲ್ಲ, ನೆನಪಿದೆಯಾ?"

ನೆನಪಿಲ್ಲದೆ ಏನು, ಎಂದಳು ಅಕ್ಕ.

ಆಗ ಅವನು ಹೇಳಿದ. ಆ ಮೋಟಾರು ಮೊದಲ ದಿನ ಮಧ್ಯಾಹ್ನಕ್ಕೇ ಸಿದ್ಧವಾಗಿತ್ತು. ಸುದ್ದಿ ಮುಟ್ಟಿಸೋಣ, ಹಾಗೇ ಅಕ್ಕನಿಗೆ ಬುತ್ತಿಯನ್ನೂ ಕೊಡೋಣ ಎಂದು ಅವನು ಕಟ್ಟೆಗೆ ಹೋಗಿದ್ದ. ಕೋಣೆಯಲ್ಲಿ ಯಾರೂ ಇರಲಿಲ್ಲ. ನೋಡಿದರೆ ಅಕ್ಕ ಕೆಳಗೆ ಕೊನೆಯ ಮೆಟ್ಟಿಲಲ್ಲಿ, ತಲೆ ಒಂದು ಬದಿಗೆ ವಾಲಿಸಿ, ಯಾರೋ ಕಥೆ ಹೇಳುತ್ತಿದ್ದಾರೆ ತಾನು ಕೇಳುತ್ತಿದ್ದೇನೆ ಎಂಬಂತೆ ಕೂತಿದ್ದಳು. ಅವಳ ಹಣೆಯ ಗಂಟು ಬಿಚ್ಚಿತ್ತು. ಅವ್ವ ತೀರಿಕೊಂಡ ಮೇಲೆ ಆ ಗಂಟು ಬಿಚ್ಚಿದ್ದನ್ನು ಅವನು ಕಂಡಿರಲಿಲ್ಲ. ಬುತ್ತಿಯನ್ನು ಸ್ಟೂಲಿನ ಮೇಲಿಟ್ಟು, ಕೂಗದೆ, ಬಂದ ದಾರಿಯಲ್ಲೇ ಹಿಂದಿರುಗಿದ. ಮನೆಗೆ ಬಂದು ಮೋಟಾರಿನ ಮೇಲೆ ಒಂದು ಗೋಣಿಚೀಲ ಮುಚ್ಚಿದ. ತಂತಿಗೆ ಹಚ್ಚಿದ ವಾರ್ನಿಷ್ ಇನ್ನೂ ಒಣಗಿಲ್ಲ, ಇನ್ನೂ ಒಣಗಿಲ್ಲ ಎಂದು ಎರಡು ದಿನ ಸುಳ್ಳು ಹೇಳಿದ. ಡ್ರೈವರ್ ಬಂದು ಬೀದಿಯಲ್ಲಿ ನಿಂತು ಕೂಗಾಡಿದ, ಲಾಂಚಿನ ಕೆಲಸ ಅಂದಿನಿಂದ ಬೇರೆ ಅಂಗಡಿಗೆ ಹೋಯಿತು.

"ಆ ಸದ್ದನ್ನ ವಾಪಸ್ ನಾನೇ ಕೊಡಬೇಕಲ್ಲ ಅಂತ ಮನಸ್ಸು ಬರಲಿಲ್ಲ" ಎಂದು ಮುಗಿಸಿದ.

ಅಕ್ಕ ಅವನಿಗೆ ಬೆನ್ನು ಹಾಕಿ ತಿರುಗಿ ಕೂತಳು. ಅವಳಿಗೆ ಸಿಟ್ಟು ಬಂದಿತ್ತು. ನಿಜವಾದ ಸಿಟ್ಟು.

"ಮೂರು ದಿನ ಜನ ನನ್ನನ್ನ ಬಾಯಿಗೆ ಬಂದಂಗೆ ಬೈದ್ರು. ಪರೀಕ್ಷೆಗೆ ಹೋಗಬೇಕಾಗಿದ್ದ ಹುಡುಗಿಯೊಬ್ಬಳು ಕಿಂಡಿ ಮುಂದೆ ನಿಂತು ಅತ್ತಳು ಕಣೋ. ಅವಳ ಕೈ ನನಗಿನ್ನೂ ನೆನಪಿದೆ. ಗೋಣಿಚೀಲ ಮುಚ್ಚಿದ್ನಂತೆ."

ತಮ್ಮ ತಲೆ ತಗ್ಗಿಸಿದ. ಆ ಹುಡುಗಿಯ ವಿಚಾರ ತನಗೆ ಗೊತ್ತಿರಲಿಲ್ಲ ಎಂದ. ದೋಣಿ ತಾನಾಗಿಯೇ ಬಹಳ ನಿಧಾನವಾಗಿ ಒಂದು ಸುತ್ತು ತಿರುಗಿತು. ಹಾಗಾಗಿ, ಬೆನ್ನು ತಿರುಗಿಸಿ ಕೂತರೂ ಬಿಸಿಲು ಒಮ್ಮೆ ಅವಳ ಮುಖಕ್ಕೆ, ಒಮ್ಮೆ ಅವನ ಮುಖಕ್ಕೆ ಬಿತ್ತು. ಒಂದು ಮೀನು ಹಾರಿ ಬಿತ್ತು. ಅದರ ಅಲೆಯ ಉಂಗುರ ಹಿಗ್ಗುತ್ತ ಹಿಗ್ಗುತ್ತ ಬಂದು ದೋಣಿಯನ್ನು ಮುಟ್ಟಿ ಹೋಯಿತು. ಅರ್ಧ ಗಂಟೆಯಾದರೂ ಕಳೆದಿರಬೇಕು.

ಅಕ್ಕ ತಿರುಗದೆಯೇ ಕೇಳಿದಳು, "ಆ ಮೂರು ದಿನ ನೀನೇನು ಮಾಡ್ತಿದ್ದೆ?"

"ದಿನಾ ಬುತ್ತಿ ತರ್ತಿದ್ನಲ್ಲ. ಮೇಲೆ ನಿಂತು ಸ್ವಲ್ಪ ಹೊತ್ತು ನೋಡ್ತಿದ್ದೆ."

"ಕೆಳಗೆ ಬಂದು ಕೂತ್ಕೋಬಹುದಿತ್ತು, ಪೆದ್ದ" ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿನ ತಳ ಮಾತ್ರ ಉಳಿದಿತ್ತು. ಆಕೆ ಎದ್ದು ಬಂದು ಅವನ ಮಗ್ಗುಲಲ್ಲಿ ಕೂತಳು. ಇಬ್ಬರು ಮಗ್ಗುಲಾಗಿ ಕೂರುವಷ್ಟು ಅಗಲ ಇರಲಿ ಎಂದು ತಾನೇ ಹೇಳಿ ಮಾಡಿಸಿದ ಹಲಗೆ ಅದು. ಚೀಲದಲ್ಲಿದ್ದ ಎರಡು ಕಿತ್ತಳೆಯಲ್ಲಿ ಒಂದನ್ನು ಸುಲಿದು ಅವನ ಕೈಗಿಟ್ಟಳು. ಅವ್ವನ ದನಿ ಹೇಗಿತ್ತು ಎಂದು ಅವನು ಕೇಳಿದ, ಅವನಿಗೆ ಮರೆತುಹೋಗಿತ್ತು. ಅಕ್ಕ ಹೇಳಿದಳು. ಹೇಳುತ್ತ ಹೇಳುತ್ತ ಹಬೆ ಕರಗಿ ದಡ ಕಾಣಿಸಿಕೊಂಡಿತು.

ಅವರನ್ನು ದಡ ಮುಟ್ಟಿಸಿದ್ದು ನಾಲ್ಕು ಗಂಟೆಯ ಲಾಂಚು. ಡ್ರೈವರ್ ದಾರಿ ಬಿಟ್ಟು ಹತ್ತಿರ ಬಂದು ಹಗ್ಗ ಎಸೆದ. ಅಷ್ಟೂ ಜನ ಪ್ರಯಾಣಿಕರು ಕಟಕಟೆಗೆ ಬಂದು ನೋಡುತ್ತಿದ್ದರು. ಡುಗುಡುಗು ಸದ್ದಿನ ಹಿಂದೆ ದೋಣಿ ತಪ್ಪು ಮಾಡಿದ ಮಗುವಿನಂತೆ ಎಳೆಸಿಕೊಂಡು ಬಂತು. ಕಟ್ಟೆ ಮುಟ್ಟಿದ ಮೇಲೆ ಡ್ರೈವರ್, "ಕೊನೆಗೂ ನನ್ನ ಸದ್ದೇ ಬೇಕಾಯ್ತಲ್ಲ ಅಕ್ಕ" ಎಂದ.

ತಮ್ಮನಿಗೆ ಅಂದು ಬಾಯಿ ಬಿಚ್ಚಿದ್ದು ಮುಚ್ಚಲಿಲ್ಲ. ಅಲ್ಲೇ ನಿಂತು ಅವನಿಗೂ ಗೋಣಿಚೀಲದ ಕಥೆ ಒಪ್ಪಿಸಿಬಿಟ್ಟ. ಡ್ರೈವರ್ ಹುಬ್ಬು ಗಂಟಿಕ್ಕಿ ಕೇಳಿದ. ಹಗ್ಗ ಸುತ್ತಿ ಸುತ್ತಿ ಕೊಕ್ಕೆಗೆ ಹಾಕಿದ. ಆಮೇಲೆ, ಆ ಮೂರು ದಿನ ನಾನೂ ನಿದ್ದೆ ಮಾಡಿದ್ದೆ, ಮೂರು ಹಗಲು, ಅಷ್ಟು ನಿದ್ದೆ ಅದಕ್ಕೆ ಮುಂಚೆಯೂ ಇಲ್ಲ, ಆಮೇಲೂ ಇಲ್ಲ, ಎಂದು ಹೇಳಿ ಮುಂದಿನ ಸುತ್ತಿಗೆ ಗಂಟೆ ಬಾರಿಸಿದ. ಮರುವಾರ ಲಾಂಚಿನ ಒಂದು ಪಂಪು ತಮ್ಮನ ಅಂಗಡಿಗೆ ರಿಪೇರಿಗೆ ಬಂತು.

ತಮ್ಮ ಮುಳ್ಳನ್ನು ಬದಲಿಸಿದ. ಹುಟ್ಟುಗಳನ್ನು ದೋಣಿಯೊಳಗೇ ಹಗ್ಗದಿಂದ ಕಟ್ಟಿದ. ಕ್ರಮೇಣ ಊರಿನವರು ಕೇಳತೊಡಗಿದರು, ನಮ್ಮನ್ನೂ ಒಮ್ಮೆ ಕರೆದುಕೊಂಡು ಹೋಗ್ತೀರಾ ಅಕ್ಕ, ಎಂದು. ಅಕ್ಕ ಒಂದು ಸಲಕ್ಕೆ ಒಬ್ಬರನ್ನು ಕರೆದೊಯ್ಯುತ್ತಿದ್ದಳು. ಸೀಮೆಸುಣ್ಣದ ಕೈಯ ಮೇಷ್ಟ್ರು ಬಂದರು. ದಾರಿಯುದ್ದಕ್ಕೂ ಒಂದು ಮಾತೂ ಆಡದೆ, ಇಳಿಯುವಾಗ, ತಾನು ಮೂವತ್ತು ವರ್ಷ ದಿನವೂ ನೀರು ದಾಟಿದ್ದೆ, ನೋಡಿರಲಿಲ್ಲ, ಎಂದರು. ಬಡಗಿ ಅಜ್ಜ ಬಂದ. ತಾನು ಕತ್ತರಿಸಿದ ಹಲಗೆ ಸೋರುತ್ತದೆಯೇ ಎಂದು ಪ್ರತಿ ಮೂಲೆಗೂ ಕೈಹಾಕಿ ನೋಡಿ, ಸೋರದ್ದಕ್ಕೆ ಸ್ವಲ್ಪ ನಿರಾಶನಾದಂತೆ ಕಂಡ. ಯಾವಾಗ ತಲುಪುತ್ತೇವೆ ಎಂದು ಮಾತ್ರ ಯಾರೂ ಕೇಳುವಂತಿರಲಿಲ್ಲ.

ಮೂರನೆಯ ವರ್ಷ ತಮ್ಮನ ಹೆಂಡತಿಯ ಕಿವಿಯಲ್ಲಿ ಒಂದು ಸಿಳ್ಳೆ ಶುರುವಾಯಿತು. ಒಗೆಯುವ ಯಂತ್ರಗಳ ನಡುವೆ ಅಷ್ಟು ವರ್ಷ ನಿಂತದ್ದಕ್ಕೆ ಹಾಗಾಗಿದೆ, ಹೊಂದಿಕೊಂಡು ಹೋಗಬೇಕು ಎಂದರು ವೈದ್ಯರು. ಅವಳು ಕೆಲಸ ಬಿಟ್ಟು ಮನೆಯಲ್ಲಿ ಕೂತಳು. ಕೂತರೆ ಸಿಳ್ಳೆ ಇನ್ನೂ ಜೋರು. ಒಂದು ಬೆಳಗ್ಗೆ ಅಕ್ಕ-ತಮ್ಮ ಕಟ್ಟೆಯಲ್ಲಿ ದೋಣಿ ಬಿಚ್ಚುತ್ತಿದ್ದಾಗ ಮೆಟ್ಟಿಲ ಮೇಲೆ ಅವಳು ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಳು. ಮುಖ ಬಿಳಿಚಿತ್ತು.

"ಎಲ್ಲಿ ಕಾಲಿಡಬೇಕು ಹೇಳಿ ಅತ್ತಿಗೆ. ಒಂದೇ ಸಲ ಹೇಳಿ, ಎರಡನೇ ಸಲ ಕೇಳಿದ್ರೆ ಓಡಿಹೋಗ್ತೀನಿ."

ಅಕ್ಕ ನಡುವಿನ ಹಲಗೆ ತೋರಿಸಿ ಕೈ ಕೊಟ್ಟಳು. ಕಟ್ಟೆ ಕಣ್ಮರೆಯಾಗುವ ತನಕ ಅವಳು ಕಣ್ಣು ಮುಚ್ಚಿ ಎರಡೂ ಅಂಚುಗಳನ್ನು ಬಿಗಿಹಿಡಿದಿದ್ದಳು. ಆಮೇಲೆ ಒಂದು ಕಣ್ಣು ತೆರೆದಳು. ಆಸ್ಪತ್ರೆಯ ಮಾಳಿಗೆ ದೂರದಲ್ಲಿ ಸರಿದುಹೋಗುತ್ತಿತ್ತು, ಅದರ ಮೇಲೆ ಯಾರೋ ಬಟ್ಟೆ ಹರವುತ್ತಿದ್ದರು. ಅಷ್ಟು ದೂರದಿಂದ ನಾನು ನಿಮಗೆ ಕಾಣ್ತಿದ್ನಾ, ಎಂದು ಕೇಳಿದಳು. ಚೆನ್ನಾಗಿ ಕಾಣ್ತಿದ್ದೆ, ಎಂದ ಗಂಡ.

ನೈದಿಲೆಗಳ ಕೊಲ್ಲಿ ಹತ್ತಿರ ಬಂದಾಗ ಅವಳು ಚುಕ್ಕಾಣಿಯನ್ನು ತಾನೂ ಹಿಡಿದು ನೋಡುತ್ತೇನೆ ಎಂದಳು. ತಮ್ಮ ಜಾಗ ಬಿಟ್ಟುಕೊಟ್ಟು ಮುಂದಿನ ಹಲಗೆಯ ಮೇಲೆ ಮಲಗಿ ಅಂಗವಸ್ತ್ರದಿಂದ ಮುಖ ಮುಚ್ಚಿಕೊಂಡ. ಎಡಕ್ಕೆ ಹೋಗಬೇಕಾದರೆ ಬಲಕ್ಕೆ ತಳ್ಳಬೇಕು ಎಂಬುದು ಅವಳಿಗೆ ಒಗ್ಗುವಷ್ಟರಲ್ಲಿ ದೋಣಿ ಹೂಗಳ ನಡುವೆ ನುಗ್ಗಿ, ಎಲೆಗಳ ದಿಂಬಿಗೆ ತಲೆಯಿಟ್ಟು ನಿಂತಿತು. ಅಕ್ಕ ಮೋಟಾರು ಆರಿಸಿದಳು. ದೋಣಿಯನ್ನು ಬಿಡಿಸಲು ಯಾರೂ ಕೈ ಹಾಕಲಿಲ್ಲ. ಕಿವಿಯ ಸಿಳ್ಳೆ ಈಗ ಹೇಗಿದೆ ಎಂದು ಅಕ್ಕ ಕೇಳಿದಳು. ಇದೆ, ಆದರೆ ಅದಕ್ಕೂ ಇಲ್ಲೊಂದು ಜಾಗ ಸಿಕ್ಕಂಗಿದೆ, ಎಂದಳು ತಮ್ಮನ ಹೆಂಡತಿ. ಆಮೇಲೆ ಕಾಲು ಚಾಚಿ, ಒಗೆಯುವ ವಿಭಾಗದಲ್ಲಿ ಒಮ್ಮೆ ದೊಡ್ಡ ವೈದ್ಯರ ಅಂಗಿ ತೊಟ್ಟಿಲ ಮಗುವಿನಷ್ಟಾಗಿ ಕುಗ್ಗಿಹೋದ ಕಥೆಯನ್ನು ಮೊದಲಿನಿಂದ ಶುರು ಮಾಡಿದಳು. ಅದು ಬಹಳ ಉದ್ದದ ಕಥೆ. ಅಕ್ಕ ಕೈಯನ್ನು ನೀರಿಗೆ ಇಳಿಬಿಟ್ಟು ಕೇಳುತ್ತ ಕೂತಳು. ನಡುನಡುವೆ, ಆಮೇಲೆ, ಎನ್ನುತ್ತಿದ್ದಳು.